ರೇಸ್ ನೋಡಲು ಹೋಗುವಾಗ ಏನು ಹಾಕಿಕೊಳ್ಳಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಸಲ ಕಾರ್ ರೇಸ್, ಬೈಕ್ ರೇಸ್ ನೋಡಲು ಹೊರಟ ಗೆಳೆಯರು, ನೆಂಟರು ನನ್ನನ್ನು ಟಿಕೆಟ್ ಬಗ್ಗೆ ಕೇಳುತ್ತಾರೆ. ಅದು ಮುಗಿದ ಮೇಲೆ ಬಟ್ಟೆ ಬಗ್ಗೆ ಕೇಳುತ್ತಾರೆ. ಈ ಪ್ರಶ್ನೆ ಚಿಕ್ಕದಲ್ಲ. ರೇಸ್ ಅಂದರೆ ಎರಡು ಗಂಟೆಯ ಸಿನಿಮಾ ಅಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಬಯಲಲ್ಲಿ ಇರಬೇಕು, ಕಿಲೋಮೀಟರುಗಟ್ಟಲೆ ನಡೆಯಬೇಕು. ಬಿಸಿಲು, ದೂಳು, ಸದ್ದು ಮೂರೂ ಜೊತೆಯಲ್ಲೇ ಇರುತ್ತವೆ. ಉಡುಪು ಸರಿಯಿಲ್ಲದೆ ಮಧ್ಯಾಹ್ನಕ್ಕೇ ಸುಸ್ತಾಗಿ, ಮುಖ್ಯ ರೇಸ್ ಶುರುವಾಗುವ ಹೊತ್ತಿಗೆ ನೆರಳು ಹುಡುಕಿಕೊಂಡು ಹೋದವರನ್ನು ಬೇಕಾದಷ್ಟು ನೋಡಿದ್ದೇನೆ. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆದಿದ್ದೇನೆ.

ರೇಸಿಗೆ ಡ್ರೆಸ್ ಕೋಡ್ ಅಂತ ಇದೆಯಾ?

ಸಾಮಾನ್ಯ ಗ್ಯಾಲರಿ ಟಿಕೆಟ್ಟಿಗೆ ಇಲ್ಲ. ನಿಮಗೆ ಹಿತವಾದ ಬಟ್ಟೆ ಹಾಕಿಕೊಂಡು ಹೋಗಬಹುದು. ಟಿವಿಯಲ್ಲಿ ಮೊನಾಕೊ ರೇಸ್ ನೋಡಿದವರಿಗೆ ಹಡಗಿನ ಮೇಲೆ ಬಿಳಿ ಪ್ಯಾಂಟು, ಕಪ್ಪು ಕನ್ನಡಕ ಹಾಕಿಕೊಂಡು ನಿಂತವರೇ ಕಣ್ಣಮುಂದೆ ಬರುತ್ತಾರೆ. ಆ ಚಿತ್ರವನ್ನು ಪಕ್ಕಕ್ಕಿಡಿ. ಹೆಚ್ಚಿನ ರೇಸ್ ಟ್ರ್ಯಾಕುಗಳು ಊರಾಚೆ ಬಯಲಲ್ಲಿ ಇರುತ್ತವೆ. ನಿಯಮ ಕಾಣುವುದು ಎರಡೇ ಕಡೆ: ಒಂದು ಗಾಡಿಗಳು ಟೈರು ಬದಲಿಸಲು, ರಿಪೇರಿಗೆ ಬಂದು ನಿಲ್ಲುವ ಪಿಟ್ ಲೇನ್, ಇನ್ನೊಂದು ಲೌಂಜಿನಲ್ಲಿ ಕೂತು ನೋಡುವ ದುಬಾರಿ ಹಾಸ್ಪಿಟಾಲಿಟಿ ಟಿಕೆಟ್. ಅವುಗಳ ಬಗ್ಗೆ ಮುಂದೆ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಯಾವುದನ್ನು ಯೋಚಿಸಬೇಕು?

ಕಾಲು. ಅದಾದ ಮೇಲೆ ಕಿವಿ. ಅಂಗಿ, ಪ್ಯಾಂಟು ಆಮೇಲೆ.

ಜನ ಇದನ್ನು ಉಲ್ಟಾ ಮಾಡುತ್ತಾರೆ. ಟೀ ಶರ್ಟ್ ಯಾವ ತಂಡದ್ದು ಅಂತ ವಾರಗಟ್ಟಲೆ ಯೋಚಿಸಿ, ಕಾಲಿಗೆ ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡು ಬರುತ್ತಾರೆ. ದೆಹಲಿ ಹತ್ತಿರದ ಗ್ರೇಟರ್ ನೋಯ್ಡಾದಲ್ಲಿರುವ ಬುದ್ಧ್ ಸರ್ಕ್ಯೂಟ್ ಎಂಬ ರೇಸ್ ಟ್ರ್ಯಾಕಿನ ಒಂದು ಸುತ್ತು 5.125 ಕಿ.ಮೀ. ಚೆನ್ನೈ ಕಡೆಯ ಶ್ರೀಪೆರಂಬುದೂರು ಹತ್ತಿರದ ಮದ್ರಾಸ್ ಟ್ರ್ಯಾಕ್ ಸುಮಾರು 3.7 ಕಿ.ಮೀ. ಕಾರು ಅಷ್ಟನ್ನು ಒಂದೆರಡು ನಿಮಿಷದಲ್ಲಿ ಸುತ್ತಿಬಿಡುತ್ತದೆ. ನಾವು ಪಾರ್ಕಿಂಗಿನಿಂದ ಗೇಟಿಗೆ, ಗೇಟಿನಿಂದ ಸ್ಟ್ಯಾಂಡಿಗೆ, ಅಲ್ಲಿಂದ ಊಟಕ್ಕೆ, ಟಾಯ್ಲೆಟ್ಟಿಗೆ ಅಂತ ಇಡೀ ದಿನ ಆ ಬಯಲಲ್ಲಿ ನಡೆಯುತ್ತಲೇ ಇರಬೇಕು.

ಚಪ್ಪಲಿ ಸಾಲದಾ? ಶೂ ಹಾಕಿದರೆ ಸೆಕೆ ಅಲ್ವಾ?

ಸೆಕೆ ಆಗುತ್ತದೆ, ನಿಜ. ಆದರೂ ಶೂನೇ ಹಾಕಿ. ನಾನು ಮೊದಲ ರೇಸಿಗೆ ತೆಳು ಅಟ್ಟೆಯ ಚಪ್ಪಲಿ ಹಾಕಿಕೊಂಡು ಹೋಗಿದ್ದೆ. ಹನ್ನೊಂದು ಗಂಟೆಗೆ ನೆಲದ ಕಾವು ಅಂಗಾಲಿಗೆ ತಟ್ಟಲು ಶುರುವಾಯಿತು. ಪಾದದ ಮೇಲ್ಭಾಗ ಬಿಸಿಲಿಗೆ ಸುಟ್ಟು, ಚಪ್ಪಲಿಯ ಪಟ್ಟಿಯ ಗುರುತು ಎರಡು ವಾರ ಹೋಗಲಿಲ್ಲ. ಜನಜಂಗುಳಿಯಲ್ಲಿ ಬೆರಳು ತುಳಿಸಿಕೊಂಡದ್ದು ಬೇರೆ.

ನಡೆದು ನಡೆದು ಪಳಗಿದ ಹಳೇ ಸ್ಪೋರ್ಟ್ಸ್ ಶೂ ಎಲ್ಲಕ್ಕಿಂತ ಒಳ್ಳೆಯದು. ರೇಸಿಗೆ ಅಂತ ಹೊಸ ಶೂ ತಗೊಂಡರೆ ಎರಡು ವಾರ ಮೊದಲೇ ತಗೊಳ್ಳಿ. ದಿನಾ ಅರ್ಧ ಗಂಟೆ ಹಾಕಿಕೊಂಡು ಓಡಾಡಿ. ಅಂಗಡಿಯಿಂದ ನೇರ ಟ್ರ್ಯಾಕಿಗೆ ಹೋದರೆ ಹಿಮ್ಮಡಿಯಲ್ಲಿ ಬೊಬ್ಬೆ ಏಳುವುದು ಖಂಡಿತ. ಸಾಕ್ಸ್ ಇಲ್ಲದೆ ಶೂ ಹಾಕಬೇಡಿ. ಚೀಲದಲ್ಲಿ ಇನ್ನೊಂದು ಜೊತೆ ಸಾಕ್ಸ್ ಇರಲಿ. ಮಧ್ಯಾಹ್ನ ಊಟವಾದ ಮೇಲೆ ಸಾಕ್ಸ್ ಬದಲಿಸಿ ನೋಡಿ, ಕಾಲಿಗೆ ಹೊಸ ಜೀವ ಬಂದ ಹಾಗಾಗುತ್ತದೆ. ಹೈ ಹೀಲ್ಸ್ ಬೇಡವೇ ಬೇಡ. ಸ್ಟ್ಯಾಂಡಿನ ಮೆಟ್ಟಿಲು ಹತ್ತಿಳಿಯುವಾಗ ಅಪಾಯ, ಹುಲ್ಲಿನ ದಿಬ್ಬದಲ್ಲಿ ಹೂತುಹೋಗುತ್ತದೆ.

ಬೆಂಗಳೂರಿನಿಂದ ಶ್ರೀಪೆರಂಬುದೂರಿಗೆ ಒಂದು ದಿನಕ್ಕೆ ಹೋಗಿ ಬರುತ್ತೇವೆ. ಏನು ಹಾಕಿಕೊಳ್ಳೋದು?

ನಮ್ಮ ಕಡೆಯ ರೇಸ್ ಹುಚ್ಚಿನವರಿಗೆಲ್ಲ ಇದು ಗೊತ್ತಿರುವ ದಾರಿ. ಚೆನ್ನೈ ಹೆದ್ದಾರಿಯಲ್ಲಿ ಸುಮಾರು 300 ಕಿ.ಮೀ. ಹೋದರೆ ಟ್ರ್ಯಾಕ್ ಇರುವ ಇರುಂಗಾಟ್ಟುಕೋಟ್ಟೈ ಸಿಗುತ್ತದೆ. 1990ರಿಂದ ಅಲ್ಲಿ ರೇಸ್ ನಡೆಯುತ್ತಿದೆ. ಹಿಂದೆ ಶೋಳವರಂನ ಹಳೇ ವಿಮಾನ ಪಟ್ಟಿಯಲ್ಲಿ ನಡೆಯುತ್ತಿದ್ದ ಓಟಗಳು ಆಮೇಲೆ ಇಲ್ಲಿಗೆ ಬಂದವು. ಈಗ ಈ ಟ್ರ್ಯಾಕಿನ ಹೆಸರು ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್.

ನಮ್ಮವರು ಎಡವುವುದು ಹವೆಯ ವಿಷಯದಲ್ಲಿ. ಬೆಳಗಿನ ಜಾವ ನಾಲ್ಕಕ್ಕೆ ಬೆಂಗಳೂರು ಬಿಡುವಾಗ ಚಳಿ ಚಳಿ. ಜೀನ್ಸ್, ದಪ್ಪ ಟೀ ಶರ್ಟ್, ಮೇಲೊಂದು ಜರ್ಕಿನ್ ಹಾಕಿಕೊಂಡು ಹೊರಡುತ್ತಾರೆ. ಘಾಟಿ ಇಳಿದು ವೆಲ್ಲೂರು ದಾಟುವಾಗ ಗಾಳಿಯೇ ಬೇರೆ. ಟ್ರ್ಯಾಕ್ ಮುಟ್ಟುವ ಹೊತ್ತಿಗೆ ಬೆನ್ನಿಗೆ ಬಟ್ಟೆ ಅಂಟಿರುತ್ತದೆ. ಜುಲೈ, ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಮೋಡ ಮುಸುಕಿದ್ದರೂ ಅಲ್ಲಿ 35 ಡಿಗ್ರಿ ಬಿಸಿಲು ಇರಬಹುದು. ಆದ್ದರಿಂದ ಅಲ್ಲಿನ ಹವೆಗೆ ಬಟ್ಟೆ ಹಾಕಿಕೊಳ್ಳಿ. ದಾರಿಯ ಚಳಿಗೆ ಒಂದು ಶಾಲೋ ತೆಳು ಜಾಕೆಟ್ಟೋ ಸಾಕು, ಅದನ್ನು ಕಾರಲ್ಲೇ ಬಿಟ್ಟುಹೋಗಬಹುದು.

ನಾನು ಹಾಕಿಕೊಳ್ಳುವುದು ಹೀಗೆ: ಸಡಿಲವಾದ, ತೆಳು ಕಾಟನ್ ಫುಲ್ ತೋಳಿನ ಅಂಗಿ. ತಿಳಿ ಬಣ್ಣದ್ದು. ಕೆಳಗೆ ಸಡಿಲ ಕಾಟನ್ ಪ್ಯಾಂಟು. ಹೆಗಲ ಮೇಲೆ ಒಂದು ತೆಳು ಟವೆಲ್. ಈ ಟವೆಲ್ ಒಂದು ಐದು ಕೆಲಸ ಮಾಡುತ್ತದೆ. ಬೆವರು ಒರೆಸುತ್ತದೆ, ಕುತ್ತಿಗೆಗೆ ನೆರಳು ಕೊಡುತ್ತದೆ, ಒದ್ದೆ ಮಾಡಿ ತಲೆಗೆ ಹಾಕಿಕೊಳ್ಳಬಹುದು, ದೂಳು ಬಂದರೆ ಮೂಗಿಗೆ ಕಟ್ಟಬಹುದು, ಕಾದ ಸಿಮೆಂಟಿನ ಮೇಲೆ ಹಾಸಿ ಕೂರಬಹುದು.

ಅರ್ಧ ತೋಳು, ಚಡ್ಡಿ ಹಾಕಿದರೆ ಇನ್ನೂ ತಂಪಲ್ವಾ?

ನೆರಳಲ್ಲಿ ಕೂತರೆ ತಂಪು. ಬಿಸಿಲಲ್ಲಿ ಅಲ್ಲ. ಹೊಲದಲ್ಲಿ ಕೆಲಸ ಮಾಡುವವರನ್ನು ನೋಡಿ. ತುಂಬು ತೋಳಿನ ಅಂಗಿ, ತಲೆಗೆ ವಸ್ತ್ರ. ಹೆಂಗಸರು ಸೀರೆಯ ಮೇಲೆ ಗಂಡಸರ ಶರ್ಟು ಹಾಕಿಕೊಂಡಿರುತ್ತಾರೆ. ಬಿಸಿಲು ನೇರ ಚರ್ಮಕ್ಕೆ ಬೀಳದಿದ್ದರೆ ಸುಸ್ತು ಕಡಿಮೆ ಅಂತ ಅವರಿಗೆ ಅನುಭವದಿಂದ ಗೊತ್ತು. ಬಟ್ಟೆ ಸಡಿಲವಾಗಿದ್ದರೆ ಒಳಗೆ ಗಾಳಿ ಆಡುತ್ತದೆ, ಬೆವರು ಆರಿ ಮೈ ತಂಪಾಗುತ್ತದೆ.

ಬಿಸಿಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಅನ್ನುವುದಕ್ಕೆ ನಮ್ಮ ದೇಶದಲ್ಲೇ ನಡೆದ ಉದಾಹರಣೆ ಇದೆ. 2023ರ ಸೆಪ್ಟೆಂಬರಿನಲ್ಲಿ ಬುದ್ಧ್ ಸರ್ಕ್ಯೂಟಿನಲ್ಲಿ ಮೊದಲ ಸಲ ಮೋಟೋಜಿಪಿ ಎಂಬ ವಿಶ್ವಮಟ್ಟದ ಬೈಕ್ ರೇಸ್ ನಡೆಯಿತು. ಕಾವಿನ ಕಾರಣಕ್ಕೆ 24 ಸುತ್ತಿನ ಓಟವನ್ನು 21 ಸುತ್ತಿಗೆ ಇಳಿಸಿದರು. ಎರಡನೇ ಸ್ಥಾನ ಪಡೆದ ಹೋರ್ಹೆ ಮಾರ್ಟಿನ್ ಬೈಕಿನಿಂದ ಇಳಿಯುತ್ತಲೇ ಕುಸಿದರು. ಅವರು ಜಗತ್ತಿನ ಅತಿ ಗಟ್ಟಿ ಆಟಗಾರರಲ್ಲಿ ಒಬ್ಬರು. ನಾವು ಅಷ್ಟೆಲ್ಲ ಕಷ್ಟ ಪಡುವುದಿಲ್ಲ ನಿಜ, ಆದರೆ ನಾವು ಮುಕ್ಕಾಲು ಗಂಟೆಗೆ ಮನೆಗೆ ಹೋಗುವುದಿಲ್ಲ, ಬೆಳಗ್ಗೆಯಿಂದ ಅದೇ ಬಿಸಿಲಲ್ಲಿ ಇರುತ್ತೇವೆ.

ಚಡ್ಡಿಯೇ ಬೇಕು ಅನ್ನುವವರು ಮಂಡಿ ಮುಚ್ಚುವಂಥದ್ದು ಹಾಕಿ, ಕಾಲಿಗೆ ಸನ್‌ಸ್ಕ್ರೀನ್ ಹಚ್ಚಿ. ಎಸ್‌ಪಿಎಫ್ 30ಕ್ಕಿಂತ ಕಡಿಮೆ ಇರಬಾರದು. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಿವಿಯ ಮೇಲ್ತುದಿ, ಕುತ್ತಿಗೆಯ ಹಿಂಭಾಗ ಎಲ್ಲರೂ ಮರೆಯುವ ಜಾಗ.

ಟೋಪಿ ಎಂಥದ್ದು ಒಳ್ಳೆಯದು?

ತಂಡದ ಕ್ಯಾಪ್ ಚೆಂದ ಕಾಣುತ್ತದೆ, ಮುಖಕ್ಕೆ ನೆರಳು ಕೊಡುತ್ತದೆ. ಕಿವಿ, ಕುತ್ತಿಗೆಗೆ ಏನೂ ಸಿಗುವುದಿಲ್ಲ. ಸುತ್ತ ಅಂಚಿರುವ ಬಟ್ಟೆಯ ಟೋಪಿ ಹೆಚ್ಚು ಉಪಯೋಗ. ಅಂಚು ತೀರಾ ಅಗಲ ಇದ್ದರೆ ಹಿಂದೆ ಕೂತವರಿಗೆ ಟ್ರ್ಯಾಕೇ ಕಾಣುವುದಿಲ್ಲ, ಸ್ವಲ್ಪ ಅವರನ್ನೂ ನೆನೆಯಿರಿ. ಕ್ಯಾಪ್ ಬಿಡಲು ಮನಸ್ಸಿಲ್ಲದಿದ್ದರೆ ಅದರ ಕೆಳಗೆ ದೊಡ್ಡ ಕರ್ಚೀಫ್ ಇಳಿಬಿಟ್ಟುಕೊಳ್ಳಿ. ಮಡಚಿ ಜೇಬಿಗೆ ಹಾಕಲು ಬರದ ಟೋಪಿ ಬೇಡ.

ಜೀನ್ಸ್ ಹಾಕಬಹುದಾ?

ಬೆಂಗಳೂರು, ಚಿಕ್ಕಮಗಳೂರಿನ ಹವೆಗೆ ಹಾಕಬಹುದು. ಚೆನ್ನೈ ಕಡೆ, ಸಿಂಗಪುರಕ್ಕೆ ಬೇಡ. ಒಮ್ಮೆ ಒದ್ದೆಯಾದರೆ ಆರುವುದಿಲ್ಲ, ತೊಡೆ ಉಜ್ಜಿ ಗಾಯವಾಗುತ್ತದೆ.

ಕಿವಿಗೆ ನಿಜವಾಗಲೂ ಏನಾದರೂ ಹಾಕಬೇಕಾ? ಸದ್ದು ಕೇಳೋಕೆ ತಾನೇ ಹೋಗೋದು!

ಸದ್ದಿಗಾಗಿ ಹೋಗುವವನೇ ನಾನೂ. ಎಂಜಿನ್ ಸದ್ದು ಎದೆಯೊಳಗೆ ನಡುಗುವಾಗ ಆಗುವ ಸಂತೋಷ ಟಿವಿ ಎದುರು ಸಿಗುವುದಿಲ್ಲ. ಅದೇ ಕಾರಣಕ್ಕೆ ಹೇಳುತ್ತಿದ್ದೇನೆ: ಆ ಸಂತೋಷ ಇನ್ನೂ ಮೂವತ್ತು ವರ್ಷ ಬೇಕು ಅಂದರೆ ಇವತ್ತು ಕಿವಿ ಮುಚ್ಚಿಕೊಳ್ಳಿ.

ಲೆಕ್ಕ ಹೀಗಿದೆ. ಅಮೆರಿಕದ ನಿಯೋಶ್ ಎಂಬ ಸರ್ಕಾರಿ ಸಂಸ್ಥೆಯ ಪ್ರಕಾರ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅದಕ್ಕೆ ಪ್ರತಿ 3 ಡೆಸಿಬಲ್ ಸೇರಿದ ಹಾಗೆ ಸಮಯ ಅರ್ಧ ಆಗುತ್ತಾ ಹೋಗುತ್ತದೆ. 88ಕ್ಕೆ 4 ಗಂಟೆ. 100ಕ್ಕೆ ಬರೀ 15 ನಿಮಿಷ. ಟ್ರ್ಯಾಕ್ ಪಕ್ಕದಲ್ಲಿ ರೇಸ್ ಕಾರುಗಳು ಹಾದುಹೋಗುವಾಗ ಸದ್ದು 100 ದಾಟುವುದು ಮಾಮೂಲು. ರೇಸ್ ಮುಗಿಸಿ ಮನೆಗೆ ಬಂದ ಮೇಲೂ ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ ಕಿವಿಗೆ ಪೆಟ್ಟು ಬಿದ್ದಿದೆ ಅಂತಲೇ ಅರ್ಥ. ಒಳಕಿವಿಯ ಸಣ್ಣ ರೋಮದಂಥ ಕಣಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಮೆಡಿಕಲ್ ಶಾಪಿನಲ್ಲಿ, ಆನ್‌ಲೈನಿನಲ್ಲಿ ಸಿಗುವ ಮೆತ್ತನೆಯ ಫೋಮ್ ಇಯರ್‌ಪ್ಲಗ್ ಸಾಕು. ಬೆಲೆ ಕಡಿಮೆ. ಆದರೆ ಹಾಕುವ ರೀತಿ ಗೊತ್ತಿರಬೇಕು. ಕೈ ತೊಳೆದುಕೊಂಡು ಪ್ಲಗ್ಗನ್ನು ಬತ್ತಿ ಹೊಸೆದ ಹಾಗೆ ಬೆರಳಲ್ಲಿ ತೆಳ್ಳಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆಯಿರಿ. ಆಗ ಕಿವಿಯ ಒಳದಾರಿ ನೇರ ಆಗುತ್ತದೆ. ಪ್ಲಗ್ ಒಳಗಿಟ್ಟು, ಅದು ಉಬ್ಬುವವರೆಗೆ ಬೆರಳಿಂದ ಒತ್ತಿ ಹಿಡಿಯಿರಿ. ಸರಿಯಾಗಿ ಕೂತರೆ ನಿಮ್ಮದೇ ಮಾತು ಗವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಎಂಜಿನ್ ಸದ್ದು ಆಗಲೂ ಚೆನ್ನಾಗಿ ಕೇಳುತ್ತದೆ, ಕಿರುಚಾಟ ಮಾತ್ರ ಕಡಿಮೆಯಾಗುತ್ತದೆ. ಹತ್ತಿ ತುರುಕಿಕೊಂಡರೆ ಹೇಳಿಕೊಳ್ಳುವಂಥ ಪ್ರಯೋಜನ ಇಲ್ಲ. ಹಾಡು ಕೇಳುವ ಇಯರ್‌ಫೋನು ಇದಕ್ಕೆ ಅಂತ ಮಾಡಿದ್ದಲ್ಲ.

ಎಲ್ಲ ರೇಸಿಗೂ ಇದು ಬೇಕಾ?

ಇಲ್ಲ. 2023ರ ಫೆಬ್ರವರಿಯಲ್ಲಿ ಹೈದರಾಬಾದಿನ ಹುಸೇನ್ ಸಾಗರದ ಪಕ್ಕ ಫಾರ್ಮುಲಾ ಇ ನಡೆಯಿತು. ಅವು ಎಲೆಕ್ಟ್ರಿಕ್ ಕಾರುಗಳು. ಅಂಥಲ್ಲಿ ಎಂಜಿನ್ನಿನ ಕಾಟ ಇಲ್ಲ. ಫಾರ್ಮುಲಾ 1 ಕಾರುಗಳೂ 2014ರಲ್ಲಿ ಹೈಬ್ರಿಡ್ ಎಂಜಿನ್ ಬಂದ ಮೇಲೆ ಮೊದಲಿಗಿಂತ ಮೆತ್ತಗಾಗಿವೆ. 2011ರಿಂದ 2013ರವರೆಗೆ ನಮ್ಮ ಬುದ್ಧ್ ಸರ್ಕ್ಯೂಟಿನಲ್ಲಿ ಓಡಿದ್ದು ಹಳೇ ವಿ8 ಎಂಜಿನ್ನಿನವು, ಆ ಕೂಗು ಕೇಳಿದವರು ಇವತ್ತಿಗೂ ಅದನ್ನೇ ನೆನೆಯುತ್ತಾರೆ. ಆದರೂ ಪ್ಲಗ್ ಜೇಬಿನಲ್ಲಿ ಇಟ್ಟುಕೊಳ್ಳಿ. ಮುಖ್ಯ ರೇಸಿಗೆ ಮೊದಲು ನಡೆಯುವ ಬೇರೆ ಓಟಗಳ ಕಾರುಗಳೇ ಕೆಲವೊಮ್ಮೆ ಜಾಸ್ತಿ ಸದ್ದು ಮಾಡುತ್ತವೆ.

ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೇವೆ. ಅವರಿಗೆ?

ಮಕ್ಕಳಿಗೆ ಪ್ಲಗ್ ಬೇಡ. ಸರಿಯಾಗಿ ಕೂರುವುದಿಲ್ಲ, ಚಿಕ್ಕವರು ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾರೆ. ಹೊರಗಿನಿಂದ ಇಡೀ ಕಿವಿ ಮುಚ್ಚುವ ಇಯರ್‌ಮಫ್ ತಗೊಳ್ಳಿ. ಮಕ್ಕಳ ಅಳತೆಯದ್ದೇ ಇರಲಿ. ನನ್ನ ಅಕ್ಕನ ಮಗನಿಗೆ ಐದು ವರ್ಷ ಇದ್ದಾಗ ಮೊದಲ ಸಲ ಕರೆದುಕೊಂಡು ಹೋಗಿದ್ದೆ. ಒಂದು ವಾರ ಮೊದಲೇ ಮಫ್ ತಂದು ಮನೆಯಲ್ಲಿ ಆಡಲು ಕೊಟ್ಟೆ. ಮಿಕ್ಸಿ ಹಾಕಿದಾಗಲೆಲ್ಲ ಓಡಿಹೋಗಿ ಹಾಕಿಕೊಳ್ಳುತ್ತಿದ್ದ. ಟ್ರ್ಯಾಕಿನಲ್ಲಿ ಮೊದಲ ಕಾರು ಬಂದಾಗ ಹೆದರದೆ ಕುಣಿದ. ಅವನ ಪಕ್ಕದಲ್ಲೇ ಇನ್ನೊಂದು ಮಗು ಬರಿಗಿವಿಯಲ್ಲಿ ಅಳುತ್ತಿತ್ತು. ಅಪ್ಪ ಕೈಯಿಂದ ಕಿವಿ ಮುಚ್ಚಿ ಹಿಡಿದಿದ್ದರು, ಆದರೆ ಎಷ್ಟು ಹೊತ್ತು ಹಿಡಿಯಲು ಆಗುತ್ತದೆ? ಕೂಸುಗಳನ್ನು ಇನ್ನೊಂದೆರಡು ವರ್ಷ ಮನೆಯಲ್ಲೇ ಬಿಟ್ಟುಹೋಗುವುದು ಒಳ್ಳೆಯದು ಅಂತ ನನ್ನ ಅನಿಸಿಕೆ.

ಮಕ್ಕಳಿಗೆ ಎದ್ದು ಕಾಣುವ ಒಂದೇ ಬಣ್ಣದ ಅಂಗಿ ಹಾಕಿ. ಜಾತ್ರೆಯಲ್ಲಿ ಮಾಡುವ ಹಾಗೆ ಫೋನ್ ನಂಬರ್ ಬರೆದ ಚೀಟಿ ಜೇಬಿನಲ್ಲಿಡಿ. ಬೆಳಗ್ಗೆ ಗೇಟಿನ ಹತ್ತಿರ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಅಕಸ್ಮಾತ್ ಕೈ ತಪ್ಪಿದರೆ ಅವತ್ತು ಏನು ಹಾಕಿಕೊಂಡಿತ್ತು ಅಂತ ತೋರಿಸಲು ಬರುತ್ತದೆ. ಎರಡು ಜೊತೆ ಬಟ್ಟೆ ಹೆಚ್ಚಿಗೆ ಇರಲಿ.

ಸೀರೆ, ಚೂಡಿದಾರ್, ಪಂಚೆ ಉಟ್ಟುಕೊಂಡು ಹೋಗಬಹುದಾ?

ಧಾರಾಳವಾಗಿ. ಯಾರೂ ತಡೆಯುವುದಿಲ್ಲ. ಕಾಟನ್ ಚೂಡಿದಾರ್ ಅಂತೂ ಬಿಸಿಲಿಗೆ ಹೇಳಿ ಮಾಡಿಸಿದ ಉಡುಪು, ವೇಲ್ ತಲೆಗೂ ಆಗುತ್ತದೆ. ನಮ್ಮ ಬೈಕುಗಳಿಗೆ ಸೀರೆ ಗಾರ್ಡ್ ಯಾಕೆ ಹಾಕುತ್ತಾರೆ ಅಂತ ಎಲ್ಲರಿಗೂ ಗೊತ್ತು. ರೇಸ್ ಬೈಕುಗಳಿಗೆ ಅದು ಇರುವುದಿಲ್ಲ. ಚೈನು, ಚಕ್ರ ಎಲ್ಲ ತೆರೆದೇ ಇರುತ್ತವೆ. ತಂಡದವರು ಗಾಡಿ ಸಿದ್ಧ ಮಾಡುವ ಜಾಗವಾದ ಪ್ಯಾಡಾಕಿನಲ್ಲಿ ಬೈಕನ್ನು ಸ್ಟ್ಯಾಂಡಿನ ಮೇಲೇರಿಸಿ ಚಕ್ರ ತಿರುಗಿಸುತ್ತಿರುತ್ತಾರೆ. ಅಲ್ಲಿ ಓಡಾಡುವಾಗ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ವೇಲ್‌ಗೆ ಗಂಟು ಹಾಕಿ, ಉದ್ದ ಕೂದಲನ್ನು ಜಡೆ ಹಾಕಿ. ಪಂಚೆ ಉಟ್ಟವರಿಗೂ ಇದೇ ಮಾತು. ಮಣ್ಣಿನ ದಿಬ್ಬ ಹತ್ತಬೇಕಾದ ರ‍್ಯಾಲಿಗೆ ಮಾತ್ರ ಪ್ಯಾಂಟೇ ಸರಿ.

ಬೈಕಿನಲ್ಲೇ ಹೋಗುತ್ತೇವೆ. ರೈಡಿಂಗ್ ಜಾಕೆಟ್, ಬೂಟು ಏನು ಮಾಡೋದು?

ದಾರಿಯಲ್ಲಿ ಅವನ್ನು ಹಾಕಲೇಬೇಕು, ಅದರಲ್ಲಿ ರಾಜಿ ಬೇಡ. ಆದರೆ ಆ ಜಾಕೆಟ್ಟಿನಲ್ಲಿ ಇಡೀ ದಿನ ಬಿಸಿಲಲ್ಲಿ ಕೂರಲು ಆಗುವುದಿಲ್ಲ. ಹೆಲ್ಮೆಟ್ ಕೈಯಲ್ಲಿ ಹಿಡಿದು ಸುತ್ತುವುದೂ ಕಷ್ಟ. ಗುಂಪಿನಲ್ಲಿ ಹೋಗುವವರು ಒಬ್ಬರಾದರೂ ಕಾರು ತಂದರೆ ಎಲ್ಲರ ಸಾಮಾನು ಅದರಲ್ಲಿ ಇಡಬಹುದು. ಇಲ್ಲದಿದ್ದರೆ ತಂತಿಯಿರುವ ನಂಬರ್ ಲಾಕ್ ಒಂದು ತಗೊಳ್ಳಿ. ಜಾಕೆಟ್ಟಿನ ತೋಳು, ಹೆಲ್ಮೆಟ್ಟಿನ ಗಲ್ಲದ ಭಾಗ ಎರಡರೊಳಗೂ ತಂತಿ ತೂರಿಸಿ ಬೈಕಿಗೆ ಕಟ್ಟಬಹುದು. ಸೈಡ್ ಬ್ಯಾಗಿನಲ್ಲಿ ಹಗುರ ಶೂ ಇರಲಿ. ವಾಪಸ್ ಹೊರಡುವಾಗ ಸುಸ್ತಾಗಿದೆ, ಸೆಕೆ ಆಗುತ್ತಿದೆ ಅಂತ ಜಾಕೆಟ್ಟನ್ನು ಹಿಂದೆ ಕಟ್ಟಿಕೊಂಡು ಓಡಿಸಬೇಡಿ. ದಣಿದಾಗಲೇ ಅದು ಹೆಚ್ಚು ಬೇಕು.

ಮಳೆ ಬಂದರೆ ಕೊಡೆ ಸಾಕಾ?

ಕೊಡೆ ಬಿಟ್ಟು ರೈನ್‌ಕೋಟ್ ತನ್ನಿ. ಸ್ಟ್ಯಾಂಡಿನಲ್ಲಿ ಕೊಡೆ ಬಿಚ್ಚಿದರೆ ಹಿಂದಿನ ನಾಲ್ಕು ಸಾಲಿಗೆ ಏನೂ ಕಾಣದು. ಅನೇಕ ಕಡೆ ಬಿಚ್ಚಲು ಬಿಡುವುದೂ ಇಲ್ಲ. ಟೋಪಿ ಇರುವ, ಮಂಡಿವರೆಗೆ ಬರುವ ತೆಳು ಪೊಂಚೊ ಅತ್ಯುತ್ತಮ. ಚೀಲವೂ ಅದರೊಳಗೇ ನಿಲ್ಲುತ್ತದೆ.

ರೇಸಿನಲ್ಲಿ ಮಳೆ ಅಂದರೆ ಕಾಯುವುದು. 2021ರಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕಿನ ಫಾರ್ಮುಲಾ 1 ರೇಸಿನಲ್ಲಿ ಮಳೆ ನಿಲ್ಲಲೆಂದು ಮೂರು ಗಂಟೆಗೂ ಜಾಸ್ತಿ ಕಾದರು. ಕೊನೆಗೆ ಎಲ್ಲರನ್ನೂ ನಿಧಾನವಾಗಿ ಕರೆದೊಯ್ಯುವ ಸೇಫ್ಟಿ ಕಾರಿನ ಹಿಂದೆ ಕೆಲವೇ ಸುತ್ತು ಹೋಗಿ ರೇಸ್ ಮುಗಿಯಿತು. ಜನ ಅಷ್ಟೂ ಹೊತ್ತು ನೆನೆಯುತ್ತಲೇ ನಿಂತಿದ್ದರು. ಆ ಟ್ರ್ಯಾಕ್ 7 ಕಿ.ಮೀ. ಉದ್ದ, ಕಾಡಿನ ಮಧ್ಯೆ ಇದೆ. ಒಂದು ತಿರುವಿನಲ್ಲಿ ಮಳೆ, ಇನ್ನೊಂದರಲ್ಲಿ ಒಣ ರಸ್ತೆ. ನಮ್ಮ ಚೆನ್ನೈ ಬೀದಿ ರೇಸಿನ ಕಥೆಯೂ ಹೀಗೇ. 2023ರ ಡಿಸೆಂಬರಿನಲ್ಲಿ ಆಗಬೇಕಿದ್ದದ್ದು ಚಂಡಮಾರುತದಿಂದ ಮುಂದಕ್ಕೆ ಹೋಗಿ, 2024ರ ಆಗಸ್ಟ್ ಕೊನೆಗೆ ಐಲ್ಯಾಂಡ್ ಗ್ರೌಂಡ್ಸ್ ಸುತ್ತ ರಾತ್ರಿ ದೀಪದಲ್ಲಿ ನಡೆಯಿತು. ಆಗಲೂ ಶನಿವಾರ ಮಳೆ ಕಾಡಿತು.

ಟಿಕೆಟ್, ಫೋನು, ದುಡ್ಡು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಮಳೆ ಬಂದಾಗ ಒಳಗಿನ ಬಟ್ಟೆ ಕಾಟನ್ ಆಗಿದ್ದು ನೆನೆದರೆ ಚಳಿ ಹಿಡಿಯುತ್ತದೆ. ತಣ್ಣನೆ ದೇಶಗಳಿಗೆ ಹೋಗುವಾಗ ಬೇಗ ಆರುವ ಸ್ಪೋರ್ಟ್ಸ್ ಟೀ ಶರ್ಟ್ ಒಳಗೆ ಹಾಕಿ.

ಚಿಕ್ಕಮಗಳೂರಿನ ರ‍್ಯಾಲಿ ನೋಡಬೇಕು. ಅದಕ್ಕೂ ಇದೇ ಬಟ್ಟೆ ಆಗುತ್ತಾ?

ಇಲ್ಲ. ರ‍್ಯಾಲಿಯ ಲೆಕ್ಕವೇ ಬೇರೆ. ಇಲ್ಲಿ ಸ್ಟ್ಯಾಂಡ್ ಇಲ್ಲ, ಸೀಟು ಇಲ್ಲ. ಕಾಫಿ ತೋಟದ ಮಣ್ಣು ರಸ್ತೆಯಲ್ಲಿ ಕಾರುಗಳು ಒಂದರ ಹಿಂದೆ ಒಂದು, ನಡುವೆ ಅಂತರ ಬಿಟ್ಟು ಬರುತ್ತವೆ. ಓಟ ಶುರುವಾಗುವುದಕ್ಕೆ ತುಂಬಾ ಮೊದಲೇ ರಸ್ತೆ ಮುಚ್ಚುತ್ತಾರೆ. ಒಮ್ಮೆ ಒಳಗೆ ಹೋಗಿ ನಿಂತರೆ ಗಂಟೆಗಟ್ಟಲೆ ಅಲ್ಲೇ.

ಮೊದಲು ಶೂ. ಅಟ್ಟೆಗೆ ಚೆನ್ನಾಗಿ ಹಲ್ಲಿರುವ, ಕಣಕಾಲು ಹಿಡಿಯುವ ಟ್ರೆಕ್ಕಿಂಗ್ ಶೂ ಬೇಕು. ಇದು ಬರೀ ಹಿತಕ್ಕಲ್ಲ. ರ‍್ಯಾಲಿಯಲ್ಲಿ ಜನ ಮತ್ತು ಕಾರಿನ ನಡುವೆ ಗೋಡೆ ಇರುವುದಿಲ್ಲ. ಕಾರು ಜಾರಿದರೆ ತಿರುವಿನ ಹೊರಗಡೆಗೆ ಬರುತ್ತದೆ. ಹಾಗಾಗಿ ತಿರುವಿನ ಹೊರಬದಿಯಲ್ಲಿ ಯಾವತ್ತೂ ನಿಲ್ಲಬಾರದು. ಒಳಬದಿಯ ಎತ್ತರದ ದರೆ (ಮಣ್ಣಿನ ದಿಬ್ಬ) ಮೇಲೆ, ಟೇಪಿನ ಹಿಂದೆ ನಿಲ್ಲಬೇಕು. ಆ ದರೆ ಹತ್ತಲು, ಬೇಕಾದರೆ ಓಡಲು ಕಾಲಿಗೆ ಹಿಡಿತ ಇರಲೇಬೇಕು. ಜಾರುವ ಚಪ್ಪಲಿ ಹಾಕಿ ದರೆ ಹತ್ತಲಾಗದೆ ರಸ್ತೆ ಬದಿಯಲ್ಲೇ ನಿಲ್ಲುವವರನ್ನು ಕಂಡರೆ ನನಗೆ ಭಯವಾಗುತ್ತದೆ.

ಕೈಗಳು ಖಾಲಿ ಇರಬೇಕು. ಮಲೆನಾಡಿನಲ್ಲಿ ಹಿಂದೆ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ, ತೋಟಕ್ಕೆ ಇಳಿಯುತ್ತಿದ್ದರಲ್ಲ, ಅದರ ಗುಣ ಅದೇ. ಮಳೆಯೂ ತಡೆಯುತ್ತದೆ, ಎರಡು ಕೈಯೂ ಕೆಲಸಕ್ಕೆ ಸಿಗುತ್ತವೆ. ಹಾಗಾಗಿ ಕೊಡೆಯೂ ಬೇಡ, ಕೈಚೀಲವೂ ಬೇಡ. ಬೆನ್ನಿಗೆ ಹಾಕುವ ಸಣ್ಣ ಬ್ಯಾಗ್ ಇರಲಿ.

ಒಣ ದಿನವಾದರೆ ಪ್ರತಿ ಕಾರಿನ ಹಿಂದೆ ಕೆಂಪು ದೂಳಿನ ಮೋಡ ಏಳುತ್ತದೆ. ಬಿಳಿ ಅಂಗಿ ಹಾಕಿದರೆ ಆ ಕಲೆ ಪೂರ್ತಿ ಹೋಗುವುದಿಲ್ಲ. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅವತ್ತು ಅದನ್ನು ಬಿಟ್ಟು ಕನ್ನಡಕ ಹಾಕಿ, ದೂಳು ಲೆನ್ಸಿನ ಕೆಳಗೆ ಸೇರಿದರೆ ತುಂಬಾ ಉರಿ. ತೋಟದ ಗಿಡಗಳಲ್ಲಿ ಕಚ್ಚುವ ಚಗಳಿ ಇರುವೆ ಇರುತ್ತವೆ. ಕೊಂಬೆ ತಾಗಿದರೆ ಕುತ್ತಿಗೆಗೆ ಉದುರುತ್ತವೆ. ಕಾಲರ್ ಇರುವ ಫುಲ್ ತೋಳಿನ ಅಂಗಿ ಹಾಕಿದರೆ ಬಚಾವ್.

ಮಳೆಗಾಲದಲ್ಲಾದರೆ ಇಂಬಳ, ಅಂದರೆ ಜಿಗಣೆ. ಪ್ಯಾಂಟಿನ ತುದಿಯನ್ನು ಉದ್ದ ಸಾಕ್ಸಿನ ಒಳಗೆ ತುರುಕಿ. ಸಾಕ್ಸಿನ ಮೇಲೆ ಹೊಗೆಸೊಪ್ಪಿನ ಪುಡಿಯನ್ನೋ ಉಪ್ಪು ಕಟ್ಟಿದ ಬಟ್ಟೆಯನ್ನೋ ಉಜ್ಜುವುದು ಊರಿನವರ ಹಳೇ ಉಪಾಯ. ಹತ್ತಿದರೆ ಗಾಬರಿಯಾಗಿ ಕಿತ್ತೆಳೆಯಬೇಡಿ, ಉಗುರಿನಿಂದ ಮೆಲ್ಲಗೆ ಬದಿಯಿಂದ ಸರಿಸಿ. ಸಂಜೆ ನಾಲ್ಕರ ಮೇಲೆ ಚಳಿ ಶುರುವಾಗುತ್ತದೆ, ಒಂದು ಸ್ವೆಟರ್ ಬೇಕು. ಇನ್ನೊಂದು ಮಾತು: ಅದು ಯಾರದೋ ತೋಟ. ಗಿಡ ತುಳಿಯದೆ, ಕಾಫಿ ಹಣ್ಣು ಕೀಳದೆ ನಿಲ್ಲಿ.

ಪಿಟ್ ಲೇನ್, ಪ್ಯಾಡಾಕ್ ಪಾಸ್ ಸಿಕ್ಕಿದೆ. ಅಲ್ಲಿಗೆ?

ಪಿಟ್ ಲೇನಿಗೆ ಪಾದ ಪೂರ್ತಿ ಮುಚ್ಚುವ ಶೂ ಬೇಕು. ಚಪ್ಪಲಿ ಹಾಕಿದವರನ್ನು ಗೇಟಿನಲ್ಲೇ ವಾಪಸ್ ಕಳಿಸುವುದನ್ನು ನೋಡಿದ್ದೇನೆ. ಕಾರಣ ಇದೆ. ಅಲ್ಲಿ ಪೆಟ್ರೋಲ್ ಇರುತ್ತದೆ, ಬಿಸಿ ಲೋಹ ಇರುತ್ತದೆ, ಟೈರು ಹೊತ್ತು ಓಡುವವರು ಇರುತ್ತಾರೆ. ರೇಸ್ ಕಾರು ಓಡಿಸುವವರು ಬೆಂಕಿ ತಡೆಯುವ ಸೂಟು, ಅದರೊಳಗೆ ಅಂಥದ್ದೇ ಬನಿಯನ್ನು, ಸಾಕ್ಸು ಹಾಕಿರುತ್ತಾರೆ. ನಮಗೆ ಅಷ್ಟು ಬೇಡ. ಆದರೆ ನೈಲಾನ್, ಪಾಲಿಯೆಸ್ಟರ್ ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಪಿಟ್ಟಿನ ಹತ್ತಿರ ಕಾಟನ್ನೇ ವಾಸಿ. ಜೋತಾಡುವ ಸರ, ಸಡಿಲ ಬಳೆ ಬೇಡ. ಚಿಕ್ಕ ಮಕ್ಕಳನ್ನು ಅಲ್ಲಿಗೆ ಸಾಮಾನ್ಯವಾಗಿ ಬಿಡುವುದಿಲ್ಲ.

ಹಾಸ್ಪಿಟಾಲಿಟಿ ಲೌಂಜುಗಳಲ್ಲಿ ಕಾಲರ್ ಇರುವ ಅಂಗಿ, ಒಳ್ಳೆ ಪ್ಯಾಂಟು, ಚೊಕ್ಕ ಶೂ ಸಾಕು. ಕೋಟು ಬೇಡ. ಹರಿದ ಜೀನ್ಸ್, ಚಡ್ಡಿಗೆ ಕೆಲವು ಕಡೆ ಬೇಡ ಅನ್ನುತ್ತಾರೆ. ಟಿಕೆಟ್ ಜೊತೆ ಬರುವ ಸೂಚನೆ ಓದಿಕೊಳ್ಳಿ.

ತಂಡದ ಬಣ್ಣ ಹಾಕಲೇಬೇಕಾ?

ಹಾಕಬೇಕೆಂದಿಲ್ಲ, ಹಾಕಿದರೆ ಅದರ ಖುಷಿಯೇ ಬೇರೆ. ಇಟಲಿಯ ಮೊಂಜಾದಲ್ಲಿ ಫೆರಾರಿ ತಂಡದ ಕೆಂಪು, ನೆದರ್‌ಲ್ಯಾಂಡ್ಸಿನ ಝಾಂಡ್‌ವೂರ್ಟ್‌ನಲ್ಲಿ ಆ ನಾಡಿನ ಓಟಗಾರ ವರ್ಸ್ಟಾಪನ್ ಅಭಿಮಾನಿಗಳ ಕಿತ್ತಳೆ ನೋಡಿದರೆ ಮೈ ಜುಂ ಅನ್ನುತ್ತದೆ. ಬೇರೆ ತಂಡದ ಬಣ್ಣ ಹಾಕಿಕೊಂಡು ಅವರ ಮಧ್ಯೆ ಕೂತರೂ ಯಾರೂ ಜಗಳಕ್ಕೆ ಬರುವುದಿಲ್ಲ. ಬದಲಿಗೆ ಮಾತಿಗೆ ಬರುತ್ತಾರೆ.

ನಮ್ಮ ಹುಡುಗರ ಹೆಸರಿನ ಟೀ ಶರ್ಟ್ ಮಾಡಿಸಿ ಹಾಕಿಕೊಳ್ಳಿ ಅನ್ನುವುದು ನನ್ನ ಆಸೆ. ಬೆಂಗಳೂರಿನ ಕುಶ್ ಮೈನಿ ಫಾರ್ಮುಲಾ 1ರ ಕೆಳಗಿನ ಹಂತವಾದ ಫಾರ್ಮುಲಾ 2ರಲ್ಲಿ ಓಡಿದ್ದಾರೆ, 2025ರಲ್ಲಿ ಮೊನಾಕೊದಲ್ಲಿ ಸ್ಪ್ರಿಂಟ್ ಎಂಬ ಚಿಕ್ಕ ರೇಸ್ ಗೆದ್ದರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಕಚ್ಚಾ ದಾರಿಯ ಬೈಕ್ ರ‍್ಯಾಲಿಗಳ ಎಫ್‌ಐಎಂ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದರು. ಬೇರೆ ದೇಶದ ಸ್ಟ್ಯಾಂಡಿನಲ್ಲಿ ಕನ್ನಡದಲ್ಲಿ ಬರೆದ ಒಂದು ಹೆಸರು ಕಂಡರೆ ಅವರಿಗೆ ಎಷ್ಟು ಬಲ ಬರಬಹುದು!

ಒಂದು ಎಚ್ಚರಿಕೆ. ಟ್ರ್ಯಾಕಿನ ಬೇಲಿ ಹತ್ತಿರ ಹಳದಿ, ಕೆಂಪು ಬಟ್ಟೆ ಬೀಸಬೇಡಿ. ಓಡಿಸುವವರಿಗೆ ಹಳದಿ ಬಾವುಟ ಅಂದರೆ ಮುಂದೆ ಅಪಾಯ, ಕೆಂಪು ಅಂದರೆ ಓಟ ನಿಂತಿದೆ. ನಮ್ಮ ನಾಡಿನ ಬಾವುಟದಲ್ಲೂ ಅದೇ ಎರಡು ಬಣ್ಣ, ಆದ್ದರಿಂದ ಅದನ್ನು ಸ್ಟ್ಯಾಂಡಿನ ಮೇಲಿನ ಸಾಲಿನಲ್ಲಿ ಹಿಡಿದುಕೊಳ್ಳಿ, ಬೇಲಿಗೆ ತರಬೇಡಿ.

ಸಿಂಗಪುರದ ರಾತ್ರಿ ರೇಸಿಗೆ ಹೋಗುತ್ತಿದ್ದೇವೆ. ರಾತ್ರಿ ಅಲ್ವಾ, ತಂಪಿರುತ್ತದಾ?

ಇರುವುದಿಲ್ಲ. 2008ರಿಂದ ಅಲ್ಲಿ ದೀಪದಡಿ ಫಾರ್ಮುಲಾ 1 ರೇಸ್ ನಡೆಯುತ್ತಿದೆ, ರಾತ್ರಿ ಎಂಟಕ್ಕೆ ಶುರು. ಆಗಲೂ ಮಂಗಳೂರಿನ ಮೇ ತಿಂಗಳ ಸಂಜೆಯಂಥ ಸೆಕೆ. ಒಂದು ರೇಸಿನಲ್ಲಿ ಓಡಿಸುವವರ ತೂಕ ಬೆವರಿನಿಂದಲೇ ಎರಡು ಮೂರು ಕಿಲೋ ಇಳಿಯುತ್ತದೆ. 2025ರಲ್ಲಿ ಕಾರ್ ರೇಸಿನ ವಿಶ್ವ ಸಂಸ್ಥೆಯಾದ ಎಫ್‌ಐಎ ಮೊದಲ ಸಲ ಅಲ್ಲಿ ಕಾವಿನ ಅಪಾಯ ಘೋಷಿಸಿ, ತಂಪು ಮಾಡುವ ವೆಸ್ಟ್ ಹಾಕಿಕೊಳ್ಳಲು ಓಡಿಸುವವರಿಗೆ ಅವಕಾಶ ಕೊಟ್ಟಿತು. ಅಲ್ಲಿ ಕಾಟನ್ನಿಗಿಂತ ಬೇಗ ಆರುವ ತೆಳು ಸ್ಪೋರ್ಟ್ಸ್ ಬಟ್ಟೆ ಮೇಲು. ಬಿಸಿಲಿಲ್ಲದ್ದರಿಂದ ಚಡ್ಡಿ, ಅರ್ಧ ತೋಳು ಇಲ್ಲಿ ಸರಿಯೇ. ಮಳೆ ಯಾವಾಗ ಬೇಕಾದರೂ ಬರಬಹುದು, ಪೊಂಚೊ ಮರೆಯಬೇಡಿ. ಮೆಟ್ರೋ, ಮಾಲ್ ಒಳಗೆ ಎಸಿ ಜೋರು. ಬೆವರಿದ ಮೈಗೆ ಅದು ತಾಗಿದರೆ ನೆಗಡಿ ಹಿಡಿದ ಹಾಗಾಗುತ್ತದೆ, ಒಣ ಟೀ ಶರ್ಟ್ ಒಂದು ಚೀಲದಲ್ಲಿರಲಿ.

ಅಬುಧಾಬಿ, ಸಿಲ್ವರ್‌ಸ್ಟೋನ್?

ಅಬುಧಾಬಿಯ ಯಾಸ್ ಮರೀನಾ ರೇಸ್ ಸಂಜೆ ಶುರುವಾಗಿ ಕತ್ತಲಲ್ಲಿ ಮುಗಿಯುತ್ತದೆ. ಡಿಸೆಂಬರಿನ ಹೊತ್ತಿಗೆ ಹಗಲು ಹಿತ, ರಾತ್ರಿ ಗಾಳಿ ತಣ್ಣಗೆ. ದುಬೈ ಕಡೆಯ ನಮ್ಮ ಕನ್ನಡಿಗರು ಒಂದು ಹಗುರ ಜಾಕೆಟ್ ಹಿಡಿದೇ ಬರುತ್ತಾರೆ.

ಸಿಲ್ವರ್‌ಸ್ಟೋನ್ ಇಂಗ್ಲೆಂಡಿನ ಟ್ರ್ಯಾಕ್, ಮೊದಲು ಯುದ್ಧಕಾಲದ ವಿಮಾನ ನಿಲ್ದಾಣವಾಗಿತ್ತು. ಬಟಾಬಯಲು. ಜುಲೈ ತಿಂಗಳಲ್ಲೂ ಗಾಳಿ ಕೊರೆಯುತ್ತದೆ, ಮಳೆ ಬಂದರೆ ಹುಲ್ಲೆಲ್ಲ ಕೆಸರು. ಮೇಲಿಂದ ಮೇಲೆ ಮೂರು ತೆಳು ಬಟ್ಟೆ ಹಾಕಿ, ಬೇಕಾದಾಗ ಒಂದೊಂದೇ ತೆಗೆಯಿರಿ. ಇಂಗ್ಲೆಂಡಿನಲ್ಲಿ ಓದುವ ಮಕ್ಕಳು ಮೊಣಕಾಲುದ್ದದ ರಬ್ಬರ್ ಬೂಟು ತರಲು ಹೇಳಿದರೆ ಅವರ ಮಾತು ಕೇಳಿ.

ವಯಸ್ಸಾದ ಅಪ್ಪ ಅಮ್ಮನೂ ಬರುತ್ತಾರೆ. ಏನು ನೋಡಿಕೊಳ್ಳಬೇಕು?

ಮೇಲ್ಛಾವಣಿ ಇರುವ ಸೀಟೇ ಅವರಿಗೆ ನೀವು ಕೊಡುವ ದೊಡ್ಡ ಉಡುಗೊರೆ. ದುಡ್ಡು ಜಾಸ್ತಿ ಆದರೂ ಅದನ್ನೇ ತಗೊಳ್ಳಿ. ಬೆನ್ನಿಗೆ ಒರಗಲು ಇಲ್ಲದ ಮೆಟ್ಟಿಲಲ್ಲಿ ಅವರು ಎಂಟು ಗಂಟೆ ಕೂರಲಾರರು. ಲೇಸ್ ಬದಲು ವೆಲ್ಕ್ರೊ ಇರುವ ಶೂ, ಮೆತ್ತನೆ ದಿಂಬು, ಕಿವಿಗೆ ಮಫ್. ಶ್ರವಣ ಯಂತ್ರ ಹಾಕುವವರು ಎಂಜಿನ್ ಹತ್ತಿರ ಇರುವಾಗ ಅದನ್ನು ತೆಗೆದು ಡಬ್ಬಿಯಲ್ಲಿಟ್ಟು ಮಫ್ ಹಾಕಿಕೊಳ್ಳಲಿ. ಮಾತ್ರೆ ಅವರ ಜೇಬಿನಲ್ಲೇ ಇರಲಿ, ಕಾರಲ್ಲಿ ಬೇಡ.

ಇದಕ್ಕೆಲ್ಲ ಎಷ್ಟು ಖರ್ಚಾಗುತ್ತದೆ?

ಮಕ್ಕಳು, ವಯಸ್ಸಾದವರಿಗೆ ಮಫ್, ರ‍್ಯಾಲಿಗೆ ಟ್ರೆಕ್ಕಿಂಗ್ ಶೂ ಬಿಟ್ಟರೆ ಹೊಸದಾಗಿ ಕೊಳ್ಳಬೇಕಾದದ್ದು ಇಯರ್‌ಪ್ಲಗ್ ಮತ್ತು ಪೊಂಚೊ ಮಾತ್ರ. ಉಳಿದದ್ದೆಲ್ಲ ಮನೆಯ ಬೀರುವಿನಲ್ಲೇ ಇದೆ. ಟ್ರ್ಯಾಕಿನ ಅಂಗಡಿಯಲ್ಲಿ ಎಲ್ಲದರ ಬೆಲೆ ಹೆಚ್ಚು, ಮಳೆ ಶುರುವಾದ ಮೇಲಂತೂ ರೈನ್‌ಕೋಟ್ ಸಿಗುವುದೇ ಕಷ್ಟ.

ವಾಪಸ್ ಬರುವಾಗ?

ಕಾರಿನ ಡಿಕ್ಕಿಯಲ್ಲಿ ಒಂದು ಜೊತೆ ಒಣ ಬಟ್ಟೆ, ಒಂದು ಜೊತೆ ಹವಾಯಿ ಚಪ್ಪಲಿ, ಎರಡು ಲೀಟರ್ ನೀರು ಬಿಟ್ಟಿರಿ. ರೇಸ್ ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಪಾರ್ಕಿಂಗಿನಿಂದ ಹೆದ್ದಾರಿ ಮುಟ್ಟಲು ಗಂಟೆ ಹಿಡಿಯಬಹುದು. ಆ ಹೊತ್ತಿನಲ್ಲಿ ಮುಖ ತೊಳೆದು, ಬಟ್ಟೆ ಬದಲಿಸಿ, ಶೂ ಬಿಚ್ಚಿ ಕೂರಿ. ಓಡಿಸುವವರ ಕಾಲಿಗೆ ಮಾತ್ರ ಹವಾಯಿ ಬೇಡ, ಪೆಡಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಟೈರಿನ ಕರಿ, ಕೆಂಪು ದೂಳು ಹಿಡಿದ ಬಟ್ಟೆಯನ್ನು ಬೇರೆ ಬಟ್ಟೆಯ ಜೊತೆ ಮಿಷಿನ್ನಿಗೆ ಹಾಕಬೇಡಿ. ಮೊದಲು ಕೊಡವಿ, ಒಂದು ಸಲ ಬರೀ ನೀರಲ್ಲಿ ಅದ್ದಿ ತೆಗೆದು, ಆಮೇಲೆ ಸೋಪಿಗೆ ಹಾಕಿ.